ಹಳದಿಯಲ್ಲಿ ಹೇಳಿದ್ದು

ಮನೆಯಲ್ಲಿ ಅವಳನ್ನು ಎಲ್ಲರೂ ಸಿಐಡಿ ಅಂತಲೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅಮ್ಮ ಬಚ್ಚಿಟ್ಟ ಬಿಸ್ಕತ್ತಿನ ಡಬ್ಬ ಖಾಲಿಯಾದರೆ ಅಣ್ಣನ ತುಟಿ ನೋಡಿ, ಅಪ್ಪನ ಕರ್ಚೀಫು ಮೂಸಿ, ಕಡೆಗೆ ಅಪ್ಪನನ್ನೇ ಹಿಡಿದುಕೊಟ್ಟ ಹುಡುಗಿ ಅವಳು. ಆವತ್ತು ಅಂಟಿಕೊಂಡ ಹೆಸರು ಆಮೇಲೆ ಬಿಡಲಿಲ್ಲ. ಹೆಸರಿಗೆ ತಕ್ಕ ಬುದ್ಧಿಯೂ ಬಿಡಲಿಲ್ಲ. ಯಾರಾದರೂ ಸುಮ್ಮಸುಮ್ಮನೆ ನಕ್ಕರೆ ಇವಳಿಗೆ ಮೊದಲು ಬರುತ್ತಿದ್ದ ಯೋಚನೆ, ಇವರು ಏನನ್ನು ಮುಚ್ಚಿಡುತ್ತಿದ್ದಾರೆ ಅನ್ನೋದು.

ಅಣ್ಣನ ಆಫೀಸು ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಔಷಧಿ ಡಬ್ಬದೊಳಗೆ ಮಡಿಕೆ ಮೇಲೆ ಮಡಿಕೆ ಹಾಕಿ ತುರುಕಿರುತ್ತಾರಲ್ಲ, ನಾವು ಡಬ್ಬ ಒಡೆದ ತಕ್ಷಣ ಬಿಸಾಕುವ ಆ ತೆಳ್ಳನೆ ಚೀಟಿ, ಅದನ್ನು ತಯಾರು ಮಾಡಿಕೊಡುವುದು ಅವರ ಕೆಲಸ. ಕಂಪನಿಯಿಂದ ಬಂದದ್ದನ್ನು ಜನರಿಗೆ ಅರ್ಥವಾಗುವ ಹಾಗೆ ಬರೆದು, ತಿದ್ದಿ, ಪ್ರೆಸ್ಸಿಗೆ ಕಳಿಸಬೇಕು. ಬರೆಯುವುದು ತಿದ್ದುವುದು ಇಬ್ಬರು. ಒಬ್ಬಳು ಸಿಐಡಿ. ಇನ್ನೊಬ್ಬಳು ಅತ್ತಿಗೆ. ಅಣ್ಣ ತಡವಾಗಿ, ಕೂದಲು ಅರ್ಧ ಹಣ್ಣಾದ ಮೇಲೆ ಮದುವೆಯಾಗಿದ್ದ. ಅತ್ತಿಗೆ ಮುಂಚೆ ಇದೇ ಥರದ ಇನ್ನೊಂದು ಆಫೀಸಿನಲ್ಲಿದ್ದವಳು, ಮದುವೆಯಾದ ಮೇಲೆ ಇಲ್ಲಿಗೆ ಬಂದಳು.

ಇಬ್ಬರೂ ಮುಗಿಸಿದ ಫೈಲು ಅಣ್ಣನ ಮೇಜಿಗೆ ಹೋಗುತ್ತಿತ್ತು. ಅವನ ಕಂಪ್ಯೂಟರಿನಲ್ಲಿ ಬರಹ ತಿದ್ದುವ ಒಂದು ಹಳೇ ಎಡಿಟರ್ ಪ್ರೋಗ್ರಾಂ ಇತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿನ ಹಂಗಿಲ್ಲ. ಆ ಎಡಿಟರಿಗೆ ಅದರದೇ ಒಂದು ಪುಟ್ಟ ಭಾಷೆ. ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ ಆ ಭಾಷೆಯಲ್ಲಿ ಬರೆದಿಟ್ಟರೆ ಒಂದು ಕೀ ಒತ್ತಿದ್ದೇ ತಡ ಎಲ್ಲವನ್ನೂ ಸರಸರ ಮಾಡಿ ಮುಗಿಸುತ್ತಿತ್ತು. ಅಣ್ಣ ತಾನೇ ಕೂತು ಅಂಥದ್ದೊಂದು ಸ್ಕ್ರಿಪ್ಟು ಬರೆದಿದ್ದ. ತಲೆಬರಹಗಳನ್ನು ದಪ್ಪ ಮಾಡುವುದು, ಕಂಪನಿಯವರು ಒಳಗಿನ ಬಳಕೆಗೆ ಅಂತ ಹಾಕಿರುತ್ತಿದ್ದ ಒಂದು ಸಾಲಿನ ಟಿಪ್ಪಣಿಯನ್ನು ಅಳಿಸುವುದು, ಇಂಥ ಕೈಕೆಲಸವೆಲ್ಲ ಅದರದು. ಮಗನನ್ನು ಹೊಗಳುವ ತಾಯಿಯ ಹಾಗೆ ಅವನು ಅದನ್ನು ಹೊಗಳುತ್ತಿದ್ದ.

ಒಂದು ದಿನ ಬೆಳಿಗ್ಗೆ ಕಂಪನಿಯ ಡಾಕ್ಟರಮ್ಮ ಫೋನು ಮಾಡಿದರು. ಫೋನೆತ್ತಿದ್ದು ಸಿಐಡಿ.

"ಏನಮ್ಮ ಇದು? ನೋವಿನ ಮಾತ್ರೆ ಚೀಟಿಯ ಪ್ರೂಫ್ ಬಂದಿದೆ. ಯಾರು ತೆಗೆದುಕೊಳ್ಳಬಾರದು ಅನ್ನೋ ಕಡೆ ಗರ್ಭಿಣಿಯರ ಮಾತೇ ಇಲ್ಲ. ನಾನು ಕಳಿಸಿದ್ದರಲ್ಲಿ ಅದೇ ಮೊದಲನೇ ಸಾಲು."

ಸಿಐಡಿ "ನೋಡ್ತೀನಿ ಮೇಡಂ" ಅಂದು ಫೋನಿಟ್ಟು ನೋಡಿದಳು. ಆ ಚೀಟಿ ಮಾಡಿದ್ದು ಅತ್ತಿಗೆ.

ಅಣ್ಣನಿಗೆ ಹೇಳಿದಳು. ಅವನು ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ದನಿ ತಗ್ಗಿಸಿದ. "ಅವಳಿಗೆ ಈಗಲೇ ಏನೂ ಹೇಳಬೇಡ. ಹೊಸಬಳು, ಮನಸ್ಸಿಗೆ ಹಚ್ಚಿಕೋತಾಳೆ. ಡಾಕ್ಟರಮ್ಮನ ಹತ್ರ ನಾನು ಮಾತಾಡ್ತೀನಿ. ನೀನು ಸ್ವಲ್ಪ ಅವಳ ಮೇಲೆ ಒಂದು ಕಣ್ಣಿಟ್ಟಿರು, ಸಾಕು."

ಸಿಐಡಿಗೆ ಕಣ್ಣಿಡು ಅನ್ನೋದೂ ಒಂದೇ, ಹಸಿದವರಿಗೆ ಊಟಕ್ಕೇಳು ಅನ್ನೋದೂ ಒಂದೇ.

ಅಂದಿನಿಂದ ಅತ್ತಿಗೆ ಏನು ಮಾಡಿದರೂ ಅವಳಿಗೆ ಬೇರೆಯಾಗಿ ಕಾಣತೊಡಗಿತು. ತಾನು ಹಿಂದಿನಿಂದ ಹಾದುಹೋದರೆ ಅತ್ತಿಗೆ ಪರದೆಯ ಮೇಲಿದ್ದುದನ್ನು ಥಟ್ಟನೆ ಮುಚ್ಚುತ್ತಾಳೆ. ಫೋನು ಬಂದರೆ ಎದ್ದು ಹೊರಗೆ ಹೋಗುತ್ತಾಳೆ. ಮೊದಲೆಲ್ಲ ಮೇಜಿನ ಮೇಲೆ ಬಿದ್ದಿರುತ್ತಿದ್ದ ಪೆನ್ ಡ್ರೈವು ಈಗ ಅವಳ ಪರ್ಸಿನೊಳಗೆ ಸೇರಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ "ನೀವು ಹೋಗಿರಿ, ಬಂದೆ" ಅಂತ ಹಿಂದೆ ಉಳಿಯುತ್ತಾಳೆ. ಹಳೇ ಆಫೀಸಿನವರ ಜೊತೆ ಇನ್ನೂ ಮಾತುಕತೆ ಇದೆಯೋ ಏನೋ. ಇಲ್ಲಿನ ಕೆಲಸ ಕೆಟ್ಟರೆ ಲಾಭ ಯಾರಿಗೆ? ಅವರಿಗೇ ತಾನೇ?

ಸ್ವಲ್ಪ ದಿನದಲ್ಲಿ ಇನ್ನೊಂದು ಸಾಲು ಮಾಯವಾಯಿತು. ಸಕ್ಕರೆ ಕಾಯಿಲೆಯ ಮಾತ್ರೆ. "ಮೂತ್ರಪಿಂಡದ ತೊಂದರೆ ಇರುವವರು ತೆಗೆದುಕೊಳ್ಳಬಾರದು" ಅನ್ನುವ ಸಾಲು. ಪ್ರೆಸ್ಸಿಗೆ ಹೋಗುವ ಮುಂಚೆ ಸಿಐಡಿಯ ಕಣ್ಣಿಗೆ ಬಿತ್ತು, ಅವಳೇ ಸೇರಿಸಿದಳು. ಅದೂ ಅತ್ತಿಗೆಯ ಫೈಲೇ. ಸಿಐಡಿ ಮಾಡಿದ ಫೈಲುಗಳಲ್ಲಿ ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಅವಳನ್ನು ನಿಜವಾಗಿ ಹೆದರಿಸಿದ್ದು ಬೇರೆ. ಎರಡು ಸಲವೂ ಹೋಗಿದ್ದು ಒಂದೇ ಜಾಗದ ಸಾಲು, "ಯಾರು ತೆಗೆದುಕೊಳ್ಳಬಾರದು" ಅನ್ನೋ ತಲೆಬರಹದ ಕೆಳಗಿನ ಮೊದಲನೆಯದು. ಕೈತಪ್ಪಿ ಹೋಗುವ ಸಾಲು ಹೀಗೆ ಹುಡುಕಿಕೊಂಡು ಹೋಗುತ್ತಾ? ಯಾವುದು ಹೋದರೆ ಜೀವಕ್ಕೆ ಕುತ್ತು ಬರುತ್ತೆ ಅಂತ ತಿಳಿದವರಿಗೆ ಮಾತ್ರ ಅದನ್ನೇ ಆರಿಸಿ ತೆಗೆಯೋಕಾಗೋದು.

ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಅವಳು ಅಮ್ಮನಿಗೆ ಹೇಳಿಬಿಟ್ಟಳು.

"ನಿನಗೆ ಹುಟ್ಟಿದಾಗಿನಿಂದ ಅನುಮಾನ" ಅಂದರು ಅಮ್ಮ. ಅಂದರೇ ಹೊರತು, ಮಾರನೇ ದಿನದಿಂದ ಸೊಸೆಯ ಕಾಫಿ ಲೋಟವನ್ನು ಕೈಗೆ ಕೊಡುತ್ತಿದ್ದವರು ಮೇಜಿನ ಮೇಲೆ ಕುಕ್ಕಿ ಹೋಗತೊಡಗಿದರು. ಊಟದ ಹೊತ್ತಿನಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅತ್ತಿಗೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು, ಮಧ್ಯೆಮಧ್ಯೆ ಕಣ್ಣೆತ್ತಿ ಸಿಐಡಿಯನ್ನು ಒಂದು ಥರ ನೋಡುತ್ತಿದ್ದಳು. ಆ ನೋಟವೂ ಸಿಐಡಿಯ ಲೆಕ್ಕಕ್ಕೆ ಸೇರಿತು. ಅಣ್ಣ ಮಾತ್ರ ಎರಡು ಸಲ ಬಡಿಸಿಕೊಂಡು ಚೆನ್ನಾಗಿಯೇ ಉಣ್ಣುತ್ತಿದ್ದ.

ಕೈಯಾರೆ ಹಿಡಿಯದ ಹೊರತು ಇದು ಮುಗಿಯುವ ಮಾತಲ್ಲ ಅಂತ ಸಿಐಡಿ ತೀರ್ಮಾನಿಸಿದಳು. ಆ ವಾರ ಅತ್ತಿಗೆಯ ಕೈಯಲ್ಲಿದ್ದದ್ದು ರಕ್ತ ತೆಳುವಾಗಿಸುವ ಮಾತ್ರೆಯ ಚೀಟಿ. ಅತ್ತಿಗೆ ಅದನ್ನು ಮುಗಿಸಿ ನೀರು ಕುಡಿಯಲು ಎದ್ದಳು. ಅಷ್ಟರಲ್ಲಿ ಇವಳು ಹೋಗಿ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಂಡಳು. ತಲೆಬರಹದ ಕೆಳಗೆ "ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುತ್ತಿರುವವರು ತೆಗೆದುಕೊಳ್ಳಬಾರದು" ಅಂತ ಸ್ಪಷ್ಟವಾಗಿತ್ತು. ಫೈಲು ಅಣ್ಣನಿಗೆ ಹೋಯಿತು. ಅವನು ಕೀ ಒತ್ತಿದ, ತನ್ನ ಪೆನ್ ಡ್ರೈವಿಗೆ ಹಾಕಿಕೊಂಡ, ಪ್ರೆಸ್ಸಿಗೆ ಹೋಗಿಬರುತ್ತೇನೆ ಅಂತ ಸ್ಕೂಟರಿನ ಕೀ ತಿರುಗಿಸುತ್ತಾ ಇಳಿದು ಹೋದ.

"ಅತ್ತಿಗೆ, ನಾನು ಊಟಕ್ಕೆ ಹೋಗ್ತೀನಿ. ಬರ್ತೀರಾ?"

"ನೀವು ಹೋಗಿರಿ, ಬಂದೆ."

ಸಿಐಡಿ ಮೆಟ್ಟಿಲಿಳಿದು ಕನ್ನಡಕದ ಅಂಗಡಿಯೊಳಗೆ ಹೊಕ್ಕಳು. ಬೇಡದ ಕನ್ನಡಕವನ್ನೆಲ್ಲ ಹಾಕಿ ತೆಗೆದು ಅಂಗಡಿಯವನ ತಾಳ್ಮೆ ಪರೀಕ್ಷೆ ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ವಾಪಸು ಹತ್ತಿದಳು. ಬಾಗಿಲು ಅರ್ಧ ತೆರೆದಿತ್ತು. ಅತ್ತಿಗೆ ತನ್ನ ಜಾಗದಲ್ಲಿರಲಿಲ್ಲ. ಅಣ್ಣನ ಕುರ್ಚಿಯಲ್ಲಿ, ಅಣ್ಣನ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯ ಚೀಟಿ. ತಲೆಬರಹದ ಕೆಳಗೆ ಹುಣ್ಣಿನ ಸಾಲು ಇರಲಿಲ್ಲ.

"ಸಿಕ್ಕಿಬಿದ್ರಲ್ಲ ಅತ್ತಿಗೆ!"

ಅತ್ತಿಗೆ ಬೆಚ್ಚಿಬಿದ್ದು ಎದ್ದು ತಿರುಗಿದಳು. ಆದರೆ ಮುಖದಲ್ಲಿ ಸಿಕ್ಕಿಬಿದ್ದವಳ ಕಳೆ ಇರಲಿಲ್ಲ, ಸಿಟ್ಟಿತ್ತು. "ಯಾರು ಸಿಕ್ಕಿಬಿದ್ದಿದ್ದು? ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಕಳ್ಳಹೆಜ್ಜೆ ಇಟ್ಟು ಬಂದಿರೋದು ನೀವು."

"ಆ ಸಾಲು ಎಲ್ಲಿ ಹೋಯ್ತು? ನನ್ನ ಹತ್ರ ಫೋಟೋ ಇದೆ. ಬೆಳಿಗ್ಗೆ ಇತ್ತು."

"ಇತ್ತು ಅಂತ ನನಗೂ ಗೊತ್ತು, ಬರೆದೋಳು ನಾನು! ಎಲ್ಲಿ ಹೋಯ್ತು ಅಂತ ನೀವು ಹೇಳಬೇಕು. ಬರೀ ನನ್ನ ಫೈಲಿಂದಲೇ ಯಾಕೆ ಹೋಗುತ್ತೆ? ನಿಮ್ಮದರಿಂದ ಯಾಕೆ ಹೋಗಲ್ಲ? ನಾನೇನು ಕಣ್ಣು ಮುಚ್ಕೊಂಡು ಕೂತಿದ್ದೀನಿ ಅಂದ್ಕೊಂಡ್ರಾ? ನೀವು ಬಂದಾಗಲೆಲ್ಲ ಪರದೆ ಮುಚ್ಚೋದು, ಫೋನ್ ಬಂದ್ರೆ ಹೊರಗೆ ಹೋಗೋದು, ಪೆನ್ ಡ್ರೈವ್ ಪರ್ಸಲ್ಲಿ ಇಟ್ಕೊಳ್ಳೋದು ಯಾಕೆ ಅಂದ್ಕೊಂಡ್ರಿ? ಊಟ ಬಿಟ್ಟು ಇಲ್ಲಿ ಕಾಯ್ತಿರೋದು ಯಾರನ್ನ ಅಂದ್ಕೊಂಡ್ರಿ?"

ಅನುಮಾನ ಪಡುವುದು ತನ್ನೊಬ್ಬಳದೇ ಹಕ್ಕು ಅಂತ ಸಿಐಡಿ ಇಷ್ಟು ವರ್ಷ ತಿಳಿದಿದ್ದಳು. ತನ್ನ ಮೇಲೂ ಯಾರಾದರೂ ಕಣ್ಣಿಟ್ಟಿರಬಹುದು ಅನ್ನೋದು ಕನಸಿನಲ್ಲೂ ಹೊಳೆದಿರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನಿಂತರು. ಕಡೆಗೆ ಅತ್ತಿಗೆ ಕುರ್ಚಿ ಎಳೆದು ಕೂತಳು. "ಸರಿ. ನನ್ನ ಮೂಲ ಫೈಲು ಪೆನ್ ಡ್ರೈವಲ್ಲಿದೆ. ಅದನ್ನೇ ಇಲ್ಲಿ ಹಾಕ್ತೀನಿ. ನಾನೂ ಮುಟ್ಟಲ್ಲ, ನೀವೂ ಮುಟ್ಟಬೇಡಿ. ಬರೀ ನಿಮ್ಮಣ್ಣನ ಕೀ ಒತ್ತೋಣ."

ಫೈಲು ತೆರೆಯಿತು. ಹುಣ್ಣಿನ ಸಾಲು ಅಲ್ಲೇ ಕೂತಿತ್ತು. ಅತ್ತಿಗೆ ಕೀ ಒತ್ತಿದಳು. ಅಕ್ಷರಗಳು ಒಂದು ಸಲ ನಡುಗಿ ನಿಂತವು. ಸಾಲಿರಲಿಲ್ಲ.

"ಅಯ್ಯೋ!" ಅಂದಳು ಸಿಐಡಿ. ಆಮೇಲೆ ಅವಳ ಹುಟ್ಟುಬುದ್ಧಿ ಕೆಲಸ ಮಾಡಿತು. "ತಡೀರಿ. ಕೆಳಗಡೆ ಏನೋ ಬಂದು ಹೋಯ್ತು. ಹಳದಿ."

"ಎಲ್ಲಿ?"

"ಕಟ್ಟಕಡೇಲಿ. ಇನ್ನೊಂದು ಸಲ ಮಾಡಿ."

ಈ ಸಲ ಸಿಐಡಿ ಮೊಬೈಲಿನಲ್ಲಿ ಪರದೆಯ ವೀಡಿಯೋ ತೆಗೆದಳು. ಅದನ್ನು ನಿಧಾನವಾಗಿ ಓಡಿಸಿ ನೋಡಿದರೆ, ಪರದೆಯ ತಳದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮಾಯವಾಗುತ್ತಿದ್ದ ಒಂದು ಹಳದಿ ಸಾಲು: ವಾರ್ನಿಂಗ್, ಟಿಪ್ಪಣಿ ಸಿಗಲಿಲ್ಲ, ಮುಂದುವರಿಯುತ್ತಿದೆ.

ಅತ್ತಿಗೆ ಆ ಸಾಲನ್ನೇ ನೋಡುತ್ತಾ ಕೂತಳು. ಆಮೇಲೆ ಸ್ಕ್ರಿಪ್ಟನ್ನೇ ತೆರೆದು ಬೆರಳಿಟ್ಟು ಓದತೊಡಗಿದಳು. ಓದುತ್ತಾ ಓದುತ್ತಾ ಒಂದು ಕಡೆ ಬೆರಳು ನಿಂತಿತು.

"ನೋಡಿ ಇಲ್ಲಿ. ಇದು ಮೊದಲು 'ಯಾರು ತೆಗೆದುಕೊಳ್ಳಬಾರದು' ಅನ್ನೋ ತಲೆಬರಹಕ್ಕೆ ಹೋಗಿ ದಪ್ಪ ಮಾಡುತ್ತೆ, ಒಂದು ಸಾಲು ಕೆಳಗಿಳಿದು ನಿಲ್ಲುತ್ತೆ. ಅಲ್ಲಿಂದ ಕಂಪನಿಯವರ ಟಿಪ್ಪಣಿ ಹುಡುಕುತ್ತೆ. ಸಿಕ್ಕರೆ ಅಲ್ಲಿಗೆ ಹೋಗುತ್ತೆ, ತಾನು ನಿಂತಿರೋ ಸಾಲನ್ನ ಅಳಿಸುತ್ತೆ."

"ಸಿಗದಿದ್ರೆ?"

"ಎಲ್ಲಿಗೂ ಹೋಗಲ್ಲ. ನಿಂತಲ್ಲೇ ನಿಂತಿರುತ್ತೆ. ನಿಂತಿರೋ ಸಾಲನ್ನೇ ಅಳಿಸುತ್ತೆ." ಅತ್ತಿಗೆ ಹಣೆ ಹಿಡಿದುಕೊಂಡಳು. "ನನ್ನ ಫೈಲಲ್ಲಿ ಅದಕ್ಕೆ ಟಿಪ್ಪಣಿ ಸಿಗೋದೇ ಇಲ್ಲ. ನಾನು ಕೈಯಲ್ಲೇ ತೆಗೆದುಬಿಡ್ತೀನಲ್ಲ! ಒಳಗಿನ ಮಾತು ಅಪ್ಪಿತಪ್ಪಿ ಪ್ರಿಂಟಾದ್ರೆ ಅಂತ ಭಯಕ್ಕೆ. ನೀವು ತೆಗೀತೀರಾ?"

"ಇಲ್ಲ. ಅಣ್ಣನ ಸ್ಕ್ರಿಪ್ಟು ತೆಗೆಯುತ್ತೆ ಅಂತ ಬಿಟ್ಟುಬಿಡ್ತೀನಿ."

ಅಷ್ಟು ಹೇಳಿದ ಮೇಲೆ ಸಿಐಡಿಗೆ ಫಕ್ಕನೆ ಹೊಳೆಯಿತು. "ಅತ್ತಿಗೆ, ಇದು ಈಗ ಪ್ರೆಸ್ಸಿಗೆ ಹೋಗಿದೆ."

ಅತ್ತಿಗೆ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು. ಪ್ರೆಸ್ಸಿನ ಮೇಸ್ತ್ರಿ ಎತ್ತಿದ. ಹಿಂದೆ ಮಷಿನ್ನಿನ ಗಡಗಡ ಸದ್ದು ಇವಳಿಗೂ ಕೇಳಿಸುತ್ತಿತ್ತು.

"ನಿಲ್ಲಿಸಿ, ಮಷಿನ್ ನಿಲ್ಲಿಸಿ. ಹೌದು, ಈಗಲೇ."

"ನಿಮ್ಮ ಯಜಮಾನರು ಇಲ್ಲೇ ಇದಾರಲ್ಲ ಅಮ್ಮ, ಫೋನ್ ಕೊಡ್ಲಾ?"

"ಅವರಿಗೆ ಬೇಡ. ಮೊದಲು ನಿಲ್ಲಿಸಿ. ಆಮೇಲೆ ಅವರನ್ನ ಇಲ್ಲಿಗೆ ಕಳಿಸಿ."

ಗಡಗಡ ನಿಂತಿತು. ಇಬ್ಬರೂ ಉಸಿರುಬಿಟ್ಟು ಕೂತರು. ಸಿಐಡಿಯ ಚಪ್ಪಲಿ ಇನ್ನೂ ಅವಳ ತೊಡೆಯ ಮೇಲೇ ಇತ್ತು.

"ಸಿಗಲಿಲ್ಲ ಅಂದ್ರೆ ನಿಲ್ಲಬೇಕಲ್ವಾ?" ಅಂತ ಕೇಳಿದಳು ಅವಳು. "ಅದೇನು ಮುಂದುವರಿಯೋದು?"

"ನಿಲ್ಲಬೇಕು. ಈ ಭಾಷೇಲಿ ಎರಡು ಥರ ಹೇಳಬಹುದು. ಎರರ್ ಅಂದ್ರೆ ಕೆಂಪಗೆ ಬರುತ್ತೆ, ಟುಂಯ್ ಅಂತ ಕೂಗುತ್ತೆ, ಕೆಲಸ ಅಲ್ಲಿಗೇ ಬಂದ್. ವಾರ್ನಿಂಗ್ ಅಂದ್ರೆ ಹಳದೀಲಿ ಒಂದು ಮಾತು ಹೇಳಿ ತನ್ನ ಪಾಡಿಗೆ ಮುಂದೆ ಹೋಗುತ್ತೆ. ಇಲ್ಲಿ ಎರರ್ ಇರಬೇಕಾದ ಕಡೆಯೆಲ್ಲ ವಾರ್ನಿಂಗ್ ಇದೆ."

ಸಿಐಡಿಗೆ ನೆನಪಾಯಿತು. ಹಿಂದೆಲ್ಲ ಅಣ್ಣನ ಕಂಪ್ಯೂಟರು ಕೂಗುತ್ತಲೇ ಇರುತ್ತಿತ್ತು. ಕೂಗಿದಾಗೆಲ್ಲ ಅವನು ಮೇಜು ಗುದ್ದಿ ಅದರ ವಂಶವನ್ನೇ ಬೈಯುತ್ತಿದ್ದ. ಬಹಳ ದಿನದಿಂದ ಆ ಕೂಗೂ ಇಲ್ಲ, ಬೈಗುಳವೂ ಇಲ್ಲ.

"ಕೂಗೋದನ್ನ ನಿಲ್ಲಿಸೋದು ಹೇಗೆ ಅಂತ ನಿಮ್ಮಣ್ಣ ನನ್ನನ್ನೇ ಕೇಳಿದ್ರು" ಅಂದಳು ಅತ್ತಿಗೆ. "ಮದುವೆಗೆ ಮುಂಚೆ, ಫೋನಲ್ಲಿ. ಸಾಲಿನ ಕೊನೇಲಿ ಖಾಲಿ ಜಾಗ ಬಿಟ್ರೂ ಬಡ್ಕೊಳುತ್ತೆ ಅಂದ್ರು. ಅಷ್ಟಕ್ಕೆ ವಾರ್ನಿಂಗ್ ಸಾಕು, ಹೀಗೆ ಮಾಡಿ ಅಂದೆ. ಅಷ್ಟಕ್ಕೆ ಅಂದಿದ್ದೆ. ಎಲ್ಲದಕ್ಕೂ ಹಾಕಿದಾರೆ."

"ಅಂದ್ರೆ ದಿನಾ ಈ ಹಳದಿ ಅವನ ಕಣ್ಣಿಗೆ ಬೀಳ್ತಿತ್ತು."

"ಬಿದ್ದಿರಲೇಬೇಕು."

ಸಿಐಡಿ ತಡವರಿಸಿದಳು. "ಅತ್ತಿಗೆ, ಒಂದು ಮಾತು. ಡಾಕ್ಟರಮ್ಮನ ಫೋನು ಬಂದ ದಿನ, ನಿಮಗೆ ಹೇಳಬೇಡ, ನಿಮ್ಮ ಮೇಲೆ ಕಣ್ಣಿಟ್ಟಿರು ಅಂತ ಅಣ್ಣ ನನಗೆ ಹೇಳಿದ್ದ."

"ನನಗೂ ಹೇಳಿದ್ರು" ಅಂದಳು ಅತ್ತಿಗೆ. "ಆವತ್ತೇ ಸಂಜೆ. ಅವಳಿಗೆ ನೀನು ಬಂದಿದ್ದು ಹಿಡಿಸಿಲ್ಲ, ನಿನ್ನ ಫೈಲು ಹುಷಾರು, ಆದ್ರೆ ಅವಳ ಹತ್ರ ಬಾಯಿಬಿಡಬೇಡ ಅಂತ."

ಸಿಐಡಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ಮೇಜಿನ ಮೇಲೆ ಕುಕ್ಕಿದ ಕಾಫಿ ಲೋಟ ಕಣ್ಣಮುಂದೆ ಬಂತು. ಇಷ್ಟು ಜನರನ್ನು ಅನುಮಾನದಿಂದ ನೋಡಿದವಳು, ತನ್ನನ್ನು ಕಾವಲಿಗೆ ನಿಲ್ಲಿಸಿದವನನ್ನೇ ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಅಣ್ಣ ಮೆಟ್ಟಿಲು ಹತ್ತಿ ಬಂದದ್ದೇ ಗದರಿದ. "ಯಾರು ಮಷಿನ್ ನಿಲ್ಲಿಸಿದ್ದು? ಮೇಸ್ತ್ರಿ ಎದುರಿಗೆ ನನ್ನ ಮರ್ಯಾದೆ..." ತನ್ನ ಪರದೆಯ ಮೇಲೆ ತೆರೆದಿದ್ದ ಸ್ಕ್ರಿಪ್ಟು ಕಂಡದ್ದೇ ಮಾತು ಅಲ್ಲಿಗೇ ಕಡಿಯಿತು.

ತಂಗಿ ಮೊಬೈಲು ಅವನ ಮುಖಕ್ಕೆ ಹಿಡಿದಳು. ಹಳದಿ ಸಾಲು ನಿಧಾನವಾಗಿ ಬಂದು ಹೋಯಿತು.

"ಅದು ಬರೀ ವಾರ್ನಿಂಗ್ ಕಣೇ. ಎರರ್ ಅಲ್ಲ" ಅಂದ ಅವನು.

"ಎರರ್ರೇ ಆಗಿತ್ತು. ನೀವು ವಾರ್ನಿಂಗ್ ಮಾಡಿದ್ರಿ" ಅಂದಳು ಅತ್ತಿಗೆ.

"ಮತ್ತೇನು ಮಾಡೋದು? ಮುಟ್ಟಿದ್ದಕ್ಕೆಲ್ಲ ನಿಂತುಬಿಡ್ತಿತ್ತು. ಹೀಗಾದ್ರೆ ಕೆಲಸ ಮುಗಿಯೋದು ಯಾವಾಗ?"

"ಡಾಕ್ಟರಮ್ಮ ಫೋನ್ ಮಾಡಿದಾಗ ನಿನಗೆ ಗೊತ್ತಿತ್ತಾ ಅಣ್ಣ?"

"ಗೊತ್ತಿರಲಿಲ್ಲ."

"ಅನುಮಾನ?"

ಅವನು ಕುರ್ಚಿಗಾಗಿ ಕೈಚಾಚಿದ. ಅದರಲ್ಲಿ ಅತ್ತಿಗೆ ಕೂತಿದ್ದಳು, ಏಳಲಿಲ್ಲ. "ಅನುಮಾನ ಇತ್ತು" ಅಂದ ನಿಂತುಕೊಂಡೇ. "ಇದೇ ಇರಬಹುದು ಅನ್ನಿಸಿತ್ತು. ತೆರೆದು ನೋಡಿದ್ರೆ ಹಿಂದಿನದನ್ನೆಲ್ಲ ನೋಡಬೇಕಾಗುತ್ತೆ. ಎಷ್ಟು ಹೋಗಿದೆಯೋ, ಏನೋ. ಭಯ ಆಯ್ತು. ನೀವಿಬ್ಬರೂ ಹುಷಾರಾಗಿ ನೋಡ್ಕೊಂಡ್ರೆ ಇನ್ಮೇಲೆ ತಪ್ಪಲ್ಲ ಅಂದ್ಕೊಂಡೆ."

"ಹುಷಾರಾಗಿ ನೋಡ್ಕೊಳ್ಳಿ ಅಂತ ನೀನು ಹೇಳಲಿಲ್ಲ. ಒಬ್ಬರನ್ನೊಬ್ಬರು ನೋಡ್ಕೊಳ್ಳಿ ಅಂದೆ."

ಅವನು ಬೆವರು ಒರೆಸಿಕೊಂಡ.

"ಡಾಕ್ಟರಮ್ಮನಿಗೆ ಫೋನ್ ಮಾಡಿ" ಅಂದಳು ಅತ್ತಿಗೆ. "ಈಗ, ನಮ್ಮ ಎದುರಿಗೆ. ಸ್ಪೀಕರಿಗೆ ಹಾಕಿ."

ಅವನು ಮಾಡಿದ. ಆದದ್ದನ್ನೆಲ್ಲ ಹೇಳಿದ. ಆ ಕಡೆಯಿಂದ ಬೈಗುಳ ಬರಲಿಲ್ಲ. ಡಾಕ್ಟರಮ್ಮ ತಣ್ಣಗೆ, "ಇದಕ್ಕೆ ಮುಂಚೆ ಹೋದವುಗಳ ಕಥೆ ಏನು?" ಅಂತ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸಿಐಡಿಗೆ.

ಅತ್ತಿಗೆ ಸೇರಿದಾಗಿನಿಂದ ಮಾಡಿದ ಚೀಟಿಗಳನ್ನೆಲ್ಲ ಇಬ್ಬರೂ ಕೂತು ಮೂಲದ ಜೊತೆ ಹೋಲಿಸಿ ಓದಿದರು. ಒಬ್ಬಳು ಜೋರಾಗಿ ಓದೋದು, ಇನ್ನೊಬ್ಬಳು ಬೆರಳಿಟ್ಟು ನೋಡೋದು. ಎರಡು ಡಾಕ್ಟರಮ್ಮನ ಕಣ್ಣಿಗೂ ಸಿಐಡಿಯ ಕಣ್ಣಿಗೂ ಬಿದ್ದು ಮೊದಲೇ ಸರಿಯಾಗಿದ್ದವು, ಉಳಿದವು ಇನ್ನೂ ಅಚ್ಚಾಗಿರಲಿಲ್ಲ. ಒಂದು ಮಾತ್ರ ಎಲ್ಲರ ಕಣ್ಣು ತಪ್ಪಿಸಿ ಹೋಗಿತ್ತು. ಕೆಮ್ಮಿನ ಸಿರಪ್ಪಿನದು. "ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು" ಅನ್ನೋ ಸಾಲು ಅದರಲ್ಲಿರಲಿಲ್ಲ. ಡಬ್ಬಗಳು ಕಂಪನಿಯ ಗೋದಾಮಿನಿಂದ ಹೊರಟುಹೋಗಿದ್ದವು.

ಕಂಪನಿಯವರು ಅಂಗಡಿ ಅಂಗಡಿಗೆ ತಿಳಿಸಿ ಡಬ್ಬ ವಾಪಸು ತರಿಸಿಕೊಂಡರು. ಬಹುತೇಕ ಬಂದವು, ಎಲ್ಲವೂ ಬರಲಿಲ್ಲ. ಯಾವ ಮಗುವಿಗಾದರೂ ಏನಾದರೂ ಆದ ಸುದ್ದಿ ಬರಲಿಲ್ಲ. ಸುದ್ದಿ ಬರಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅಣ್ಣ ಹೇಳಿದ. ಸಿಐಡಿ ಆ ಮಾತು ನಂಬಲಿಲ್ಲ. ಇವತ್ತಿಗೂ ಔಷಧಿ ಅಂಗಡಿಗೆ ಹೋದರೆ ಆ ಸಿರಪ್ಪಿನ ಡಬ್ಬ ತೆಗೆಸಿ, ಚೀಟಿ ಬಿಡಿಸಿ ಓದಿ, ಅಂಗಡಿಯವನ ಕಣ್ಣು ಕೆಂಪಾಗುವ ಹೊತ್ತಿಗೆ ಮಡಚಿ ಕೊಡುತ್ತಾಳೆ.

ಅಮ್ಮನಿಗೆ ಅವಳೇ ಹೇಳಿದಳು, ಅತ್ತಿಗೆಯ ಎದುರಿಗೇ. ಅಮ್ಮ ಪೂರ್ತಿ ಕೇಳಿಸಿಕೊಂಡು ಸೊಸೆಯ ಕಡೆ ತಿರುಗಿದರು. "ನೀನಾದ್ರೂ ಒಂದು ಮಾತು ಹೇಳಬಾರದಿತ್ತೇನೇ? ಲೋಟ ಕುಕ್ಕಿದಾಗ, ಯಾಕೆ ಹೀಗೆ ಅಂತ ಕೇಳಬಾರದಿತ್ತಾ?"

"ನೀವೂ ಅವರ ಕಡೆ ಅಂದ್ಕೊಂಡಿದ್ದೆ ಅತ್ತೆ."

"ಆಗಿದ್ದೆ" ಅಂದರು ಅಮ್ಮ. ಅದಕ್ಕಿಂತ ಹೆಚ್ಚು ಆ ವಿಷಯ ಆ ಮನೆಯಲ್ಲಿ ಎದ್ದಿಲ್ಲ. ಅತ್ತಿಗೆ ಗಂಡನ ಜೊತೆ ಬಹಳ ದಿನ ಬೇಕಾದಷ್ಟೇ ಮಾತಾಡುತ್ತಿದ್ದಳು. ಅಣ್ಣ ಅಡುಗೆಮನೆಗೂ ಹಾಲಿಗೂ ಮಧ್ಯೆ ಎಲ್ಲಿ ನಿಲ್ಲಬೇಕು ಅಂತ ತಿಳಿಯದವನ ಹಾಗೆ ಓಡಾಡಿಕೊಂಡಿದ್ದ.

ಸ್ಕ್ರಿಪ್ಟನ್ನು ಅತ್ತಿಗೆಯೇ ತಿದ್ದಿದಳು. ಸಾಲಿನ ಕೊನೆಯ ಖಾಲಿ ಜಾಗಕ್ಕೆ ಹಳದಿ ಇರಲಿ ಅಂತ ಬಿಟ್ಟಳು. ಮಿಕ್ಕಿದ್ದಕ್ಕೆಲ್ಲ ಕೆಂಪು. ಹುಡುಕಿದ್ದು ಸಿಗದಿದ್ದರೆ ಅಲ್ಲೇ ನಿಲ್ಲಬೇಕು, ಏನನ್ನೂ ಅಳಿಸಕೂಡದು. ಸಿಐಡಿ ಪಕ್ಕದಲ್ಲಿ ಕೂತು ಬೇಕುಬೇಕೆಂದೇ ಕೆಟ್ಟ ಫೈಲುಗಳನ್ನು ಮಾಡಿ ಒಂದೊಂದಾಗಿ ಅದರ ಬಾಯಿಗೆ ಹಾಕಿದಳು. ಎಲ್ಲದಕ್ಕೂ ಅದು ನಿಂತು ಕೂಗಿತು.

"ಇದನ್ನೂ ನಂಬಬೇಡ ನೀನು, ಆಗಾಗ ಹೀಗೇ ನೋಡ್ತಿರು" ಅಂದಳು ಅತ್ತಿಗೆ. ನೀವು ಅನ್ನುತ್ತಿದ್ದವಳು ನೀನು ಅಂದಿದ್ದನ್ನು ಸಿಐಡಿ ಗಮನಿಸಿದಳು, ಗಮನಿಸಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಅಣ್ಣ ಈಗಲೂ ಅದೇ ಮೇಜಿನಲ್ಲಿ ಕೂರುತ್ತಾನೆ, ಅದೇ ಕೀ ಒತ್ತುತ್ತಾನೆ. ಮೊನ್ನೆ ಮಧ್ಯಾಹ್ನ ಹೀಗೇ ಮೂವರೂ ಕೆಲಸದಲ್ಲಿ ಮುಳುಗಿದ್ದಾಗ ಅವನ ಕಂಪ್ಯೂಟರು ಟುಂಯ್ ಅಂತು. ಇಬ್ಬರೂ ತಲೆಯೆತ್ತಿದರು.

"ಏನಂತೆ?" ಅಂದಳು ಅತ್ತಿಗೆ.

"ಏನಿಲ್ಲ" ಅಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

ನಾದಿನಿಯೂ ಅತ್ತಿಗೆಯೂ ಮುಖ ಮುಖ ನೋಡಿಕೊಂಡರು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಅವನ ಬೆನ್ನ ಹಿಂದೆ, ಈ ಭುಜಕ್ಕೊಬ್ಬರು ಆ ಭುಜಕ್ಕೊಬ್ಬರು ಹೋಗಿ ನಿಂತು ಓದತೊಡಗಿದರು.